ಕಾದಂಬರಿಗೆ ಹೂಂಗುಟ್ಟಿದವರು

ನಮ್ಮ ಅಜ್ಜಿಯ ಮನೆಯಲ್ಲಿ ಕಾದಂಬರಿಯನ್ನು ಒಬ್ಬರೇ ಕೂತು ಓದುವ ಹಾಗಿರಲಿಲ್ಲ. ಓದಿದರೆ ಅದು ಸಣ್ಣತನ, ಬಾಗಿಲು ಹಾಕಿಕೊಂಡು ಹೋಳಿಗೆ ತಿಂದ ಹಾಗೆ. ಗಟ್ಟಿಯಾಗಿ ಓದಬೇಕು, ಕೇಳುವವರಲ್ಲಿ ಒಬ್ಬರಾದರೂ ವಾಕ್ಯಕ್ಕೊಮ್ಮೆ ‘ಹ್ಞೂಂ’ ಅನ್ನಬೇಕು. ಅಜ್ಜಿಗೆ ಗೊತ್ತಿದ್ದದ್ದು ಬಾಯಲ್ಲಿ ಹೇಳುವ ಕಥೆಗಳ ಕಾನೂನು. ಆ ಕಾನೂನಿನಲ್ಲಿ ಹೂಂಗುಟ್ಟುವವರು ಸುಮ್ಮನಾದರೆ ಕಥೆಯೂ ನಿಲ್ಲುತ್ತದೆ. ರಾಜಕುಮಾರಿ ಬಾವಿಕಟ್ಟೆಯ ಮೇಲೆ ಒಂದು ಕಾಲಿಟ್ಟಿದ್ದರೆ ಹಾಗೆಯೇ ನಿಂತಿರಬೇಕು. ಅಚ್ಚಾದ ಪುಸ್ತಕಕ್ಕೆ ಯಾರ ಹ್ಞೂಂ ಕೂಡ ಬೇಕಿಲ್ಲ ಎಂದು ಚಿಕ್ಕಮ್ಮ ಎಷ್ಟು ಹೇಳಿದರೂ ಅಜ್ಜಿ ಒಪ್ಪಲಿಲ್ಲ.

“ಹ್ಞೂಂ ಅನ್ನೋರಿಲ್ದಿದ್ರೆ ಅದು ಕಥೆ ಹೆಂಗಾಗ್ತೈತೆ? ನೀನು ಓದು, ನಾನು ಅಂತೀನಿ,” ಅಂದಳು.

ತೊಂಬತ್ತರ ದಶಕದ ನಡುವಿನ ಬೇಸಿಗೆ ಅದು. ಅಪ್ಪನ ನೌಕರಿ ಹಿರಿಯೂರಿನಲ್ಲಿದ್ದರೂ ನನ್ನ ರಜೆಯೆಲ್ಲ ತಾಳ್ಯದ ಹತ್ತಿರದ ಅಜ್ಜಿಯ ಊರಿನಲ್ಲೇ ಕಳೆಯುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ಕೇರಿಯ ಹೆಂಗಸರು ನಮ್ಮ ಜಗಲಿಗೆ ಬಂದು ಬಿತ್ತನೆಗೆ ಇಟ್ಟ ಶೇಂಗಾ ಒಡೆಯುತ್ತ ಕೂರುತ್ತಿದ್ದರು. ಚಿಕ್ಕಮ್ಮ ಕಂಬಕ್ಕೆ ಒರಗಿ ಓದುತ್ತಿದ್ದಳು. ಪುಸ್ತಕಗಳು ಬರುತ್ತಿದ್ದದ್ದು ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನ ಹಿಂದಿದ್ದ ಬಾಡಿಗೆ ಪುಸ್ತಕದ ಅಂಗಡಿಯಿಂದ. ಮೂಲೆ ಮಡಚಿ, ಎಣ್ಣೆ ಕುಡಿದು, ಯಾರದೋ ಮಲ್ಲಿಗೆ ಹೂವಿನ ಕಲೆ ಹೊತ್ತು ಬಂದಿರುತ್ತಿದ್ದವು. ಯಾವುದು ಸಿಕ್ಕರೂ ಸರಿ, ದಪ್ಪಗಿರಬೇಕು ಅಷ್ಟೆ.

ನಾನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದೆ. ಅವಳ ಹ್ಞೂಂ ನನ್ನ ಕಿವಿಗೆ ಬೀಳುವ ಮೊದಲೇ ಹೊಟ್ಟೆಯಲ್ಲಿ ಗುಂಯ್ ಎಂದು ಕೆನ್ನೆಗೆ ತಾಗುತ್ತಿತ್ತು. ಚಟಪಟ ಸಿಪ್ಪೆ ಒಡೆಯುವ ಸದ್ದು, ಚಿಕ್ಕಮ್ಮನ ತೆಳು ದನಿ, ಹೊರಗೆ ಬಿಳಿಚಿಕೊಂಡ ಬಿಸಿಲು. ನಿದ್ದೆಯ ಅಂಚಿನಲ್ಲಿ ಎಷ್ಟೋ ಅಧ್ಯಾಯಗಳು ನನ್ನೊಳಗೆ ಇಳಿದುಹೋದವು. ಇವತ್ತಿಗೂ ಅವುಗಳಲ್ಲಿ ಯಾವುದು ಪುಸ್ತಕದ್ದು, ಯಾವುದು ಕೇರಿಯದ್ದು ಎಂದು ನನಗೆ ಬಿಡಿಸಲು ಬರುವುದಿಲ್ಲ. ರೇಷ್ಮೆ ಸೀರೆಯುಟ್ಟ ಒಬ್ಬ ನಾಯಕಿ ನಮ್ಮ ಸೇದೋ ಬಾವಿಯಲ್ಲಿ ನೀರು ಸೇದುತ್ತಿರುವುದು ನನಗೆ ಚೆನ್ನಾಗಿ ನೆನಪಿದೆ. ನೀಲಿ ಕಾರೊಂದು ಹುಣಸೇಮರದ ಕೆಳಗೆ ನಿಂತು, ಅದರೊಳಗಿಂದ ಯಾರೋ ಇಳಿಯದೆಯೇ ಹೊರಟುಹೋದದ್ದೂ ನೆನಪಿದೆ. ನಮ್ಮೂರಿಗೆ ನೀಲಿ ಕಾರು ಯಾವತ್ತೂ ಬಂದಿಲ್ಲ ಎಂದು ಅಮ್ಮ ಹೇಳುತ್ತಾಳೆ.

ಕೇಳುವ ಹೆಂಗಸರು ಸುಮ್ಮನೆ ಕೇಳುವ ಪೈಕಿಯಲ್ಲ. ನಾಯಕ ನಾಯಕಿಯನ್ನು ಕರೆದುಕೊಂಡು ಯಾವುದೋ ಗಿರಿಧಾಮಕ್ಕೆ ಹೊರಟರೆ, ನೋಡದ ಆ ಊರನ್ನು ಬದಿಗಿಟ್ಟು ಅವರನ್ನು ನಮ್ಮ ಮಾರಿಕಣಿವೆಯ ಅಣೆಕಟ್ಟೆಗೆ ಕಳಿಸುತ್ತಿದ್ದರು. ಡ್ರಾಯಿಂಗ್ ರೂಮ್ ಅಂದರೆ ರಂಗೋಲಿ ಕಲಿಯುವ ಕೋಣೆ ಎಂದು ತೀರ್ಮಾನವಾಗಿತ್ತು. ಅಷ್ಟು ಮಂದಿ ಗಂಡಸರು ಅಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ಏನು ಮಾಡುತ್ತಾರೆ ಎಂಬುದು ಮಾತ್ರ ಬಗೆಹರಿಯಲಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ. ಯಾವ ಕಾದಂಬರಿಯೂ ತನ್ನ ಜನ ಯಾವ ಜನ ಎಂದು ಹೇಳುತ್ತಿರಲಿಲ್ಲ. ಎದುರು ಮನೆಯ ಅತ್ತೆಗೆ ಅದು ಗೊತ್ತಾಗದೆ ಮುಂದಕ್ಕೆ ಹೋಗಲು ಆಗುತ್ತಿರಲಿಲ್ಲ.

“ಇವ್ರು ಯಾರ ಪೈಕಿ? ಮದ್ವೆ ಅಂತಾರೆ, ಯಾರ್ಗೂ ಯಾರೂ ಕೇಳಲ್ವಲ್ಲ!” ಅನ್ನುತ್ತಿದ್ದಳು.

ಚಿಕ್ಕಮ್ಮ ಹುಡುಕಿದರೂ ಸಿಗುತ್ತಿರಲಿಲ್ಲ. ಕೊನೆಗೆ ಅತ್ತೆಯೇ ಊಟ ತಿಂಡಿ ನೋಡಿ ಪತ್ತೆ ಹಚ್ಚುತ್ತಿದ್ದಳು. ಹೊತ್ತು ಹೊತ್ತಿಗೆ ಕಾಫಿ ಕುಡಿಯುವವರು, ತಿಳಿಸಾರು ಮಾಡುವವರು, ಮುದ್ದೆಯ ಹೆಸರೆತ್ತದವರು ಅಂದರೆ ಇಂಥವರೇ. ಬರೆದವರು ಬಚ್ಚಿಟ್ಟದ್ದನ್ನು ನಮ್ಮ ಜಗಲಿ ಸಾರಿನ ವಾಸನೆಯಿಂದ ಹೊರಗೆಳೆಯುತ್ತಿತ್ತು. ಮುಂದೆ ನಾನು ಚಿತ್ರದುರ್ಗದಲ್ಲಿ ಓದುವಾಗ ಈ ಪುಸ್ತಕಗಳನ್ನು ಕಂಡು ‘ಬರೀ ಜನಪ್ರಿಯ’ ಎಂದು ಮೂಗು ಮುರಿಯುವವರು ಬೇಕಾದಷ್ಟು ಸಿಕ್ಕರು. ಅವರಲ್ಲಿ ಒಬ್ಬರೂ ಒಂದು ಮಧ್ಯಾಹ್ನವೂ ಆ ಜಗಲಿಯಲ್ಲಿ ಕೂತವರಲ್ಲ. ಒಂದು ಸಮಾಜ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಅನ್ನುವುದು ಪುಸ್ತಕದಲ್ಲಿರುತ್ತದೆ. ಏನು ಬಚ್ಚಿಡುತ್ತದೆ ಅನ್ನುವುದು ಓದಿಸಿಕೊಂಡವರ ಬಾಯಲ್ಲಿರುತ್ತದೆ ಎಂದು ನಾನು ಈಗಲೂ ಜಗಳವಾಡುತ್ತೇನೆ.

ಇನ್ನೊಂದು ಸಂಗತಿಯಿತ್ತು. ಪ್ರತಿ ಕಾದಂಬರಿಯಲ್ಲೂ ಅವರಿಗೆ ಒಬ್ಬರು ಕೆಟ್ಟವರು ಬೇಕಿತ್ತು. ಅತ್ತೆಯೋ, ನಾದಿನಿಯೋ, ತುಟಿಗೆ ಬಣ್ಣ ಹಚ್ಚಿದ ಇನ್ನೊಬ್ಬಳೋ, ಯಾರಾದರೂ ಸರಿ. ಕೆಟ್ಟವರು ಬಂದ ಕೂಡಲೇ ಎಲ್ಲರಿಗೂ ನೆಮ್ಮದಿ, ಶೇಂಗಾ ಒಡೆಯುವ ಕೈ ಚುರುಕಾಗುತ್ತಿತ್ತು. ನಾಯಕಿ ಗಂಡನ ಮನೆ ಬಿಟ್ಟು ಬಂದರೆ ಯಾರೂ ಬೈಯುತ್ತಿರಲಿಲ್ಲ, ಬಿಡಿಸಿದವರ ಹೆಸರು ಗೊತ್ತಿರುತ್ತಿತ್ತಲ್ಲ. ಗಂಡಂದಿರು ಹೇಗೂ ಕೊನೆಯ ಅಧ್ಯಾಯಕ್ಕೆ ಒಳ್ಳೆಯವರಾಗುತ್ತಿದ್ದರು.

ಆ ವರ್ಷ ಚಿಕ್ಕಮ್ಮನೂ ಗಂಡನ ಮನೆ ಬಿಟ್ಟು ಬಂದಿದ್ದಳು. ಯುಗಾದಿಗೆ ಅಂತ ಬಂದವಳು ಮರಳಿ ಹೋಗಿರಲಿಲ್ಲ. ಅವಳನ್ನು ಕೊಟ್ಟಿದ್ದು ಮತ್ತೋಡಿನ ಕಡೆಗೆ, ತೆಂಗಿನ ತೋಟದ ಮನೆಗೆ. ಅತ್ತೆ ತೀರಿಕೊಂಡಿದ್ದ, ಗಂಡಸರಷ್ಟೇ ಇದ್ದ ಮನೆ. ಅತ್ತೆ ಕಾಟವಿಲ್ಲದ ಮನೆ ಸಿಕ್ಕಿತು, ಹುಡುಗಿ ಪುಣ್ಯ ಮಾಡಿದ್ದಳು ಎಂದು ಇದೇ ಜಗಲಿಯ ಮೇಲೆ ಎಲ್ಲರೂ ಅಂದಿದ್ದರಂತೆ. ಈಗ ಅದೇ ತೊಡಕಾಗಿತ್ತು. ಬೈಯಲು ಯಾರೂ ಇರಲಿಲ್ಲ.

“ಹೊಡೀತಾನಾ?” ಎದುರು ಮನೆ ಅತ್ತೆ ಕೇಳಿದಳು. ಇಲ್ಲ. “ಕುಡೀತಾನಾ?” ಇಲ್ಲ. “ಬ್ಯಾರೆ ಯಾವ್ಳಾದ್ರೂ ಅವ್ಳಾ?” ಇಲ್ಲ. “ಮತ್ತೆ ಯಾಕವ್ವ ಬಂದೆ?”

“ಮಾತಾಡಲ್ಲ,” ಅಂದಳು ಚಿಕ್ಕಮ್ಮ.

ಸಿಟ್ಟಿಗಲ್ಲ, ಮುನಿಸಿಗಲ್ಲ. ಅವಳ ಗಂಡನಿಗೆ ಅವಳ ಹತ್ತಿರ ಹೇಳುವುದೇನೂ ಇರಲಿಲ್ಲ, ಅಷ್ಟೆ. ಹಸು ಕರು ಹಾಕಿತು ಅಂದರೆ ಊಟ ಮಾಡುತ್ತಿದ್ದ. ಮನೆ ಹಿಂದೆ ಹಾವು ಬಂದಿತ್ತು ಅಂದರೆ ಕೈ ತೊಳೆಯುತ್ತಿದ್ದ. ಸಾರಿಗೆ ಉಪ್ಪು ಜಾಸ್ತಿಯಾಯಿತಾ ಎಂದು ದಿನಾ ಕೇಳಿ ಸಾಕಾಗಿ, ಒಂದು ದಿನ ಬೇಕೆಂದೇ ಉಪ್ಪಿಲ್ಲದೆ ಬಡಿಸಿದಳಂತೆ. ಉಂಡು ಎದ್ದು ಹೋದ. ಅವತ್ತು ಒಲೆಯ ಮುಂದೆ ಕೂತು ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಕೂಗಿಕೊಂಡದ್ದಾಗಿ ಚಿಕ್ಕಮ್ಮ ಅಜ್ಜಿಗೆ ಹೇಳಿದಳು. ನಿದ್ದೆ ಬಂದವಳ ಹಾಗೆ ಮಲಗಿದ್ದ ನಾನು ಇದನ್ನೆಲ್ಲ ಕೇಳಿಸಿಕೊಂಡೆ, ಮತ್ತು ಬಹಳ ದಿನ ಇದನ್ನೂ ಯಾವುದೋ ಕಾದಂಬರಿಯದೆಂದೇ ತಿಳಿದಿದ್ದೆ.

ಹೆಂಗಸರಿಗೆ ಮರುಕವಿತ್ತು, ಆದರೆ ಕಾರಣ ಸಾಲದು ಅನ್ನಿಸಿತ್ತು. ಮಾತಾಡದ ಗಂಡ ಯಾರ ಮನೆಯಲ್ಲಿಲ್ಲ? ಅದೇ ಮನೆಯಲ್ಲಿದ್ದ ನನ್ನ ಸೋದರಮಾವನಂತೂ ಊರವರ ಬಾಯಿಗೆ ಹೆದರಿ ಹೊಲದಿಂದ ತಡವಾಗಿ ಬರತೊಡಗಿದ್ದ. ಚಿಕ್ಕಮ್ಮ ಮಾತ್ರ ಓದುತ್ತಲೇ ಇದ್ದಳು. ಅಜ್ಜಿ ಹ್ಞೂಂ ಅನ್ನುತ್ತಲೇ ಇದ್ದಳು. ಆ ಬೇಸಿಗೆ ಚಿಕ್ಕಮ್ಮ ಒಂದೊಂದು ವಾಕ್ಯ ಮುಗಿಸಿ ಅಜ್ಜಿಯ ಮುಖ ನೋಡಿ, ಹ್ಞೂಂ ಬಂದ ಮೇಲಷ್ಟೇ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದೆ. ಪುಸ್ತಕಕ್ಕೆ ಹ್ಞೂಂ ಬೇಡ ಎಂದು ವಾದಿಸಿದ್ದವಳು ಅವಳೇ.

ಒಂದು ಮಧ್ಯಾಹ್ನ ಓದು ನಡೆದಿರುವಾಗಲೇ ಚಿಕ್ಕಮ್ಮನ ಗಂಡನ ದೊಡ್ಡಪ್ಪ ಬಂದರು. ಆ ಕಡೆಯ ನಾಲ್ಕು ಊರಿನ ಜಗಳ ಬಗೆಹರಿಸುವ ಹಿರಿಯರು, ಒಳ್ಳೆಯ ಮಾತುಗಾರರು. ಚಿಕ್ಕಮ್ಮ ಪುಸ್ತಕ ಮಡಚಿಕೊಂಡು ಒಳಗೆ ಹೋದಳು. ಅಜ್ಜಿ, “ಬರ್ರಿ, ಕುಂತ್ಕಳ್ರಿ,” ಎಂದು ಚಾಪೆ ಹಾಸಿದಳು. ಅವರು ಕೂತರು, ನೀರು ಕುಡಿದರು, ಶಲ್ಯ ಸರಿಮಾಡಿಕೊಂಡು ಶುರು ಮಾಡಿದರು.

“ನೋಡ್ರವ್ವ, ಮನೆ ಅಂದ್ಮ್ಯಾಲೆ ಒಂದ್ ಮಾತು ಬರ್ತೈತೆ, ಒಂದ್ ಮಾತು ಹೋಗ್ತೈತೆ.”

“ಹ್ಞೂಂ,” ಅಂದಳು ಅಜ್ಜಿ.

“ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ನಾನು ಹಂಗನ್ನಲ್ಲ. ಆದ್ರೂ ತವರಾಗೆ ಎಷ್ಟು ದಿನ ಇದ್ರೆ ಚೆಂದ?”

“ಹ್ಞೂಂ.”

“ಬಸವ ಜಯಂತಿ ಮುಗೀಲಿ. ನಮ್ ಹುಡುಗನ್ನೂ ಕರ್ಕಂಡ್ ಬರ್ತೀನಿ. ಮಡ್ಲಕ್ಕಿ ಇಟ್ಟು ಕಳಿಸ್ಕೊಡ್ರಿ.”

“ಹ್ಞೂಂ.”

“ಆಯ್ತು ಬಿಡ್ರಿ, ಹಿರೇರು ನೀವೇ ಹ್ಞೂಂ ಅಂದ್ಮ್ಯಾಲೆ ಮುಗೀತು!” ಎಂದು ಅವರು ಸಂತೋಷದಿಂದ ಎದ್ದರು. ಚಹಾ ಬರುವವರೆಗೂ ನಿಲ್ಲಲಿಲ್ಲ. ಹೊತ್ತಿಗೆ ಸರಿಯಾಗಿ ಬಸ್ಸು ಸಿಕ್ಕಿತು ಎಂದು ಕಾಣುತ್ತದೆ.

ಚಿಕ್ಕಮ್ಮ ಬಾಗಿಲಿಗೆ ಬಂದು ನಿಂತಳು. ಅವಳ ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. “ಹ್ಞೂಂ ಅಂದ್ಯಲ್ಲವ್ವ,” ಅಂದಳು.

ಅಜ್ಜಿಗೆ ಆಗಲೂ ಅರ್ಥವಾಗಿರಲಿಲ್ಲ. “ಅವ್ರು ಹೇಳ್ತಿದ್ರು, ನಾನು ಕೇಳ್ತಿದ್ದೆ,” ಅಂದಳು. ಆಮೇಲೆ ಕೈಯಲ್ಲಿದ್ದ ಶೇಂಗಾ ಕಾಯಿಯನ್ನು ಒಡೆಯದೆ ಹಾಗೆಯೇ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಕಥೆ ಕೇಳುವ ಹ್ಞೂಂ, ಒಪ್ಪಿಕೊಳ್ಳುವ ಹ್ಞೂಂ ಎರಡಕ್ಕೂ ನಮ್ಮ ಭಾಷೆಯಲ್ಲಿ ಒಂದೇ ದನಿ. ಅಷ್ಟು ಚೆನ್ನಾಗಿ ಕಥೆ ಹೇಳಿದವರ ಮುಂದೆ ಅಜ್ಜಿಯ ಬಾಯಿ ತನ್ನ ಪಾಡಿಗೆ ತಾನು ಹೂಂಗುಟ್ಟಿಬಿಟ್ಟಿತ್ತು. ನನಗೆ ಆಗ ನಗು ಬಂತು. ಎದುರು ಮನೆ ಅತ್ತೆ ನನ್ನ ತೊಡೆ ಚಿವುಟಿದಳು.

ಆಮೇಲಿನ ದಿನಗಳಲ್ಲಿ ಓದು ನಿಂತಿತು. ಹೆಂಗಸರು ಬಂದರು, ಶೇಂಗಾ ಒಡೆದರು, ಯಾರೂ ಪುಸ್ತಕ ಕೇಳಲಿಲ್ಲ. ಎದುರು ಮನೆ ಅತ್ತೆಗೆ ಒಂದು ಉಪಾಯ ಹೊಳೆದಿತ್ತು. “ಹೊಡೀತಾನೆ ಅಂದ್ಬಿಡು ಕಣೇ. ಒಂದ್ ಮಾತಿಗೆ ಎಲ್ಲಾ ಬಾಯಿ ಮುಚ್ಕಂತಾರೆ. ಪುಸ್ತಕದಾಗೆ ಹಂಗೇ ಅಲ್ವಾ?” ಅಂದಳು. ಅವಳು ಹೇಳಿದ್ದು ಸುಳ್ಳೇನಲ್ಲ. ಒಬ್ಬ ಹೆಂಗಸು ಮನೆ ಬಿಡಲು ನಮ್ಮ ಊರು ಕೇಳುತ್ತಿದ್ದ ಪುರಾವೆಯನ್ನೇ ಆ ಕಾದಂಬರಿಗಳೂ ಕೇಳುತ್ತಿದ್ದವು: ಮೈಮೇಲೆ ಒಂದು ಬಾಸುಂಡೆ.

ಚಿಕ್ಕಮ್ಮ ಒಪ್ಪಲಿಲ್ಲ. “ಮಾಡ್ದೇ ಇರೋದ್ನ ಯಾಕೆ ಹೇಳ್ಲಿ? ಅವ್ರು ಕೆಟ್ಟೋರಲ್ಲ,” ಅಂದಳು.

“ಹಂಗಾದ್ರೆ ಹೋಗ್ಬೇಕಾಗ್ತೈತೆ ನೋಡು,” ಅಂದಳು ಅತ್ತೆ.

ಬಸವ ಜಯಂತಿ ಕಳೆದು ಅವರು ಬಂದರು. ಮುಂದೆ ದೊಡ್ಡಪ್ಪ, ಹಿಂದೆ ಚಿಕ್ಕಮ್ಮನ ಗಂಡ. ನನಗೆ ಅವರು ಚಿಕ್ಕಪ್ಪ. ಎತ್ತರದ, ಚೆಂದದ ಮನುಷ್ಯ. ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿದ್ದರು. ಮಾವ ಹೊಲಕ್ಕೆ ಹೋಗದೆ ಮನೆಯಲ್ಲೇ ಇದ್ದ. ಕೇರಿಯ ಹೆಂಗಸರು ಮೊರ ಹಿಡಿದುಕೊಂಡು, ಕೇರುವುದು ಏನೂ ಇಲ್ಲದಿದ್ದರೂ, ಜಗಲಿಯ ತುದಿಯಲ್ಲಿ ಸೇರಿದ್ದರು. ಅವಲಕ್ಕಿ, ಚಹಾ ಆಯಿತು. ದೊಡ್ಡಪ್ಪ ಶಲ್ಯಕ್ಕೆ ಕೈ ಹಾಕಿದ ಕೂಡಲೇ ಅಜ್ಜಿಯೇ ಮೊದಲು ಬಾಯಿ ಬಿಟ್ಟಳು.

“ನೋಡ್ರಿ, ಅವತ್ತು ನಾನು ಹ್ಞೂಂ ಅಂದಿದ್ದು ಕೇಳ್ತಾ ಇದೀನಿ ಅಂತ. ಕಳಿಸ್ತೀನಿ ಅಂತಲ್ಲ. ತಪ್ಪು ತಿಳ್ಕಬ್ಯಾಡ್ರಿ.”

ದೊಡ್ಡಪ್ಪ ನಕ್ಕರು. ಇಂಥ ಮಾತನ್ನೆಲ್ಲ ಅವರು ಬೇಕಾದಷ್ಟು ಕಂಡವರು. ಮತ್ತೆ ಮೊದಲಿಂದ ಶುರು ಮಾಡಿದರು. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ...” ಎಂದು ಒಂದು ಕ್ಷಣ ನಿಂತರು. ಅಜ್ಜಿ ತುಟಿ ಬಿಗಿ ಹಿಡಿದು ಕೂತಿದ್ದಳು. ಅವರು ಮುಂದಿನ ವಾಕ್ಯ ಹೇಳಿದರು. ಎದುರು ಮನೆ ಅತ್ತೆ ಮೊರ ನೋಡುತ್ತಿದ್ದಳು. ಇನ್ನೊಂದು ಹೇಳಿದರು. ಯಾರೂ ಹ್ಞೂಂ ಅನ್ನಲಿಲ್ಲ. ಮಾವ ಅನ್ನಲು ಬಾಯಿ ತೆರೆದವನು ಅಜ್ಜಿಯ ಕಣ್ಣು ನೋಡಿ ಕೆಮ್ಮಿದ. ನಾಲ್ಕು ಊರಿಗೆ ನ್ಯಾಯ ಹೇಳಿದವರ ಮಾತು ಹೆಜ್ಜೆ ತಪ್ಪಿ, ನಿಧಾನವಾಗಿ, ಒಂದು ಗಾದೆಯ ನಡುವೆ ನಿಂತೇಹೋಯಿತು. ಅಂಥ ಮೌನವನ್ನು ನಾನು ಮತ್ತೆ ಕೇಳಿಲ್ಲ. ಊರ ಹಿಟ್ಟಿನ ಗಿರಣಿ ಕೂಡ ಕರೆಂಟು ಹೋಗಿ ನಿಂತಿತ್ತು, ಅಥವಾ ನಿಂತಿತ್ತೆಂದು ನನಗೆ ಅನ್ನಿಸುತ್ತದೆ.

“ಹುಡುಗೀನ ಕೇಳಾಣ,” ಅಂದಳು ಅಜ್ಜಿ.

ಚಿಕ್ಕಮ್ಮ ಬಾಗಿಲು ದಾಟಿ ಬಂದಳು. ಸೆರಗನ್ನು ಬೆರಳಿಗೆ ಸುತ್ತಿಕೊಂಡಿದ್ದಳು, ಆದರೆ ದನಿ ಓದುವ ದನಿಯೇ. “ಹೊಡಿಯಲ್ಲ, ಕುಡಿಯಲ್ಲ. ಒಳ್ಳೇರೆ. ಜಗಳಾನೂ ಇಲ್ಲ ದೊಡ್ಮಾವ, ಜಗಳ ಆಡಿದ್ರೂ ಇರ್ತಿದ್ದೆ. ನನ್ ಜೊತೆ ಮಾತಾಡಲ್ಲ. ಅಷ್ಟೇ.”

ಸೋದರಮಾವ ನಾಚಿಕೆಯಿಂದ ನಕ್ಕುಬಿಟ್ಟ. ಎದುರು ಮನೆ ಅತ್ತೆ ಹಣೆಗೆ ಕೈ ಹಚ್ಚಿದಳು, ಹುಡುಗಿ ಕೆಲಸ ಕೆಡಿಸಿಕೊಂಡಳು ಎಂದು. ದೊಡ್ಡಪ್ಪನ ಮುಖ ಮಾತ್ರ ಅರಳಿತು. “ಇಷ್ಟೇನಾ! ಇದ್ಕೆ ಇಷ್ಟು ದೊಡ್ಡ ರಾಮಾಯಣನಾ!” ಎಂದು ತೊಡೆ ತಟ್ಟಿ ಚಿಕ್ಕಪ್ಪನ ಕಡೆ ತಿರುಗಿದರು. “ಲೇ, ನೀನೇ ಅವ್ಳನ್ನ ಕರಿ. ಬಾ ಅನ್ನು. ಒಂದ್ ಮಾತು. ನಡಿ, ಹೋಗಾಣ.”

ಎಲ್ಲರೂ ಚಿಕ್ಕಪ್ಪನನ್ನೇ ನೋಡಿದರು. ಚಿಕ್ಕಮ್ಮನೂ ನೋಡಿದಳು. ಬಿಸಿಲು ಜಗಲಿಯ ಅಂಚಿಗೆ ಬಂದಿತ್ತು. ಒಂದು ಗುಬ್ಬಿ ತೊಲೆಯಿಂದ ಇಳಿದು ಶೇಂಗಾ ಸಿಪ್ಪೆಯನ್ನು ಕುಕ್ಕಿ ಹಾರಿತು. ಚಿಕ್ಕಪ್ಪ ಚಹಾದ ಲೋಟದ ಅಂಚನ್ನು ಹೆಬ್ಬೆರಳಿನಿಂದ ಒರೆಸಿದರು, ಇನ್ನೊಮ್ಮೆ ಒರೆಸಿದರು. ಲೋಟವನ್ನು ಕೆಳಗಿಟ್ಟು, ದೊಡ್ಡಪ್ಪನ ಕಡೆ ತಿರುಗಿ ಹೇಳಿದರು.

“ಹೊಸದುರ್ಗದ ಬಸ್ಸಿಗೆ ಹೊತ್ತಾಯ್ತು.”

ಎದ್ದು, ಚಪ್ಪಲಿ ಮೆಟ್ಟಿಕೊಂಡು ಹುಣಸೇಮರದ ಕಡೆ ನಡೆದೇಬಿಟ್ಟರು. ದೊಡ್ಡಪ್ಪ ಸ್ವಲ್ಪ ಹೊತ್ತು ಅಜ್ಜಿಯನ್ನೂ ಚಿಕ್ಕಮ್ಮನನ್ನೂ ನೋಡಿ, “ಏನಂತ ಹೇಳ್ಲಿ ನಾನು,” ಎಂದು ತಾವೂ ಎದ್ದರು. ಆಮೇಲೆ ಆ ಕಡೆಯಿಂದ ಯಾರೂ ಬರಲಿಲ್ಲ.

ಆ ಮಧ್ಯಾಹ್ನ ಊರಿನಲ್ಲಿ ಬೆಳೆಯುತ್ತ ಹೋಯಿತು. ಅಜ್ಜಿ ನಾಯಕಿಯಾದಳು. ಮಾತುಗಾರರ ಬಾಯಿ ಕಟ್ಟಿಸಿದ ಅವಳ ಮೌನವನ್ನು ಮದುವೆ ಮನೆಗಳಲ್ಲಿ ಹೇಳಿ ನಗುತ್ತಿದ್ದರು. ಕೆಲವೇ ವರ್ಷಗಳಲ್ಲಿ ಚಿಕ್ಕಪ್ಪನೂ ಬದಲಾದರು. ಮೊದಲು ಕುಡಿಯತೊಡಗಿದರು, ಆಮೇಲೆ ಹೊಡೆಯತೊಡಗಿದರು, ಕೊನೆಗೆ ಹೊಸದುರ್ಗದಲ್ಲಿ ಒಬ್ಬಳನ್ನು ಇಟ್ಟುಕೊಂಡರು. ಎಲ್ಲ ನಮ್ಮ ಕೇರಿಯ ಬಾಯಲ್ಲಿ. ಎದುರು ಮನೆ ಅತ್ತೆ ಆ ಬಾಸುಂಡೆಗಳನ್ನು ಕಣ್ಣಾರೆ ಕಂಡವಳ ಹಾಗೆ ವರ್ಣಿಸುತ್ತಿದ್ದಳು. ಕೆಟ್ಟವನಿಲ್ಲದ ಕಥೆಯನ್ನು ಇಟ್ಟುಕೊಂಡು ಬದುಕುವುದು ಯಾರಿಗೂ ಸಾಧ್ಯವಾಗಲಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಅಯ್ಯೋ ಅನ್ನಿಸುತ್ತದೆ.

ಚಿಕ್ಕಮ್ಮ ಹೊಳಲ್ಕೆರೆಯಲ್ಲಿ ಅಂಗನವಾಡಿಯ ಕೆಲಸಕ್ಕೆ ಸೇರಿದಳು, ಅಲ್ಲೇ ಒಂದು ಕೋಣೆಯಲ್ಲಿ ಉಳಿದಳು. ಮಕ್ಕಳಿಗೆ ಕಥೆ ಹೇಳಿ ಹೇಳಿ ದನಿ ಸ್ವಲ್ಪ ಒಡೆದಿತ್ತು. ಎರಡು ಸಾವಿರದ ಇಸವಿಯ ಆಚೆ, ನಾನು ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದಾಗ, ದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದ ಕಾಲ. ಬಸ್ಸಿನ ಕಿಟಕಿಯಿಂದ ಅವು ತಿರುಗುವುದನ್ನು ನೋಡುತ್ತ, ಅರ್ಧ ನಿದ್ದೆಯಲ್ಲಿ, ಅವಳ ಹತ್ತಿರ ಹೋಗಿಬರುತ್ತಿದ್ದೆ.

ಒಂದು ಸಲ ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಚಿಕ್ಕಮ್ಮನ ಎದುರಿಗೇ ಆ ಮಧ್ಯಾಹ್ನದ ಕಥೆ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಅಜ್ಜಿಯ ಬಿಗಿದ ತುಟಿ, ನಿಂತುಹೋದ ಗಾದೆ, ಬಾಗಿಲು ದಾಟಿ ಬಂದು ಎದೆಯೊಡ್ಡಿ ನಿಂತ ಚಿಕ್ಕಮ್ಮ. ನಮ್ಮ ಬಾಡಿಗೆ ಕಾದಂಬರಿಗಳಲ್ಲಿ ಹೆಣ್ಣು ಕೊನೆಗೆ ಸೋತು ವಾಪಸು ಹೋಗುತ್ತಾಳೆ, ನಮ್ಮ ಜಗಲಿಯಲ್ಲಿ ಗೆದ್ದಳು ಎಂದು ಮುಗಿಸಿದೆ. ಗೆಳತಿಯ ಕಣ್ಣು ತುಂಬಿ ಬಂತು. ಚಿಕ್ಕಮ್ಮ ನಗುತ್ತ ಚಿತ್ರಾನ್ನ ಬಡಿಸಿದಳು.

ಸಂಜೆ ನಮ್ಮನ್ನು ಬಸ್ಸಿಗೆ ಬಿಡಲು ಬಂದಳು. ಗೆಳತಿ ಸೀಟು ಹಿಡಿಯಲು ಮುಂದೆ ಓಡಿದಳು. ಚಿಕ್ಕಮ್ಮ ನನ್ನ ಚೀಲದ ಪಟ್ಟಿ ಸರಿಮಾಡುತ್ತ, ನನ್ನ ಮುಖ ನೋಡದೆ ಅಂದಳು.

“ಅವತ್ತು ನನ್ ಬಟ್ಟೆಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಕಂಡಿದ್ದೆ ಕಣೇ. ಅವ್ರು ಬಾ ಅಂದಿದ್ರೆ ಹೋಗ್ಬಿಡ್ತಿದ್ದೆ.”

ಕಂಡಕ್ಟರ್ ಸೀಟಿ ಊದಿದ. ನಾನು ಮೆಟ್ಟಿಲು ಹತ್ತಿದೆ. ಅವಳು ಕಿಟಕಿಯ ಹತ್ತಿರ ಬಂದು, ಬಸ್ಸಿನ ಸದ್ದಿನಲ್ಲಿ ಕೇಳಿಸಲೆಂದು ಗಟ್ಟಿಯಾಗಿ ಕೂಗಿದಳು.

“ನಿಮ್ಮಜ್ಜಿಗೆ ಹೇಳಬ್ಯಾಡ. ತಾನೇ ನನ್ನ ಉಳಿಸಿದ್ದು ಅಂದ್ಕಂಡೈತೆ ಮುದುಕಿ.”